ಗಿರಣಿಯ ಗೇಟಿನಲ್ಲಿ ಸಿಕ್ಕ ಕೆಲಸ: ರೋಸಲಿನ್ ಕಾರ್ಟರ್ ಕುರಿತು ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ಮಗಳು ಸಮಾಜಕಾರ್ಯ ಪದವಿ ಓದುತ್ತಿದ್ದಾಳೆ. ಕಾಲೇಜಿನ ಸೆಮಿನಾರಿಗೆ 'ರಾಷ್ಟ್ರಾಧ್ಯಕ್ಷರ ಪತ್ನಿಯರ ಸಮಾಜಸೇವೆ' ಅನ್ನೋ ವಿಷಯ ಬಂದಿದೆ. ಅವಳು ಅಮೆರಿಕದ ರೋಸಲಿನ್ ಕಾರ್ಟರ್ ಅವರನ್ನು ಆರಿಸಿಕೊಂಡಿದ್ದಾಳೆ. ನನಗೋ ಅನುಮಾನ. ದೊಡ್ಡವರ ಹೆಂಡಂದಿರು ಆಸ್ಪತ್ರೆಗೆ ಹೋಗಿ ಹಣ್ಣು ಹಂಚಿ ಫೋಟೊ ತೆಗೆಸಿಕೊಳ್ಳೋದನ್ನು ಬೇಕಾದಷ್ಟು ನೋಡಿದ್ದೇವೆ. ಈಕೆ ಅದಕ್ಕಿಂತ ಹೆಚ್ಚು ಏನಾದರೂ ಮಾಡಿದ್ದುಂಟೆ? ಆ ಸ್ಥಾನಕ್ಕೆ ಸಂಬಳ, ಅಧಿಕಾರ ಏನಾದರೂ ಇರುತ್ತದೆಯೆ? ನಮ್ಮ ದೇಶಕ್ಕೂ ಇವರಿಗೂ ಏನಾದರೂ ನಂಟಿದೆಯೆ? – ಓದುಗರು, ಹಾವೇರಿ

ಉತ್ತರ: ನಿಮ್ಮ ಅನುಮಾನ ನನಗೂ ಇತ್ತು. ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಮೂವತ್ತು ವರ್ಷ ಕಳೆದವನು ನಾನು. ಗಣ್ಯರು ವಾರ್ಡಿಗೆ ಬರುತ್ತಾರೆ ಅಂದರೆ ಹಿಂದಿನ ದಿನ ಗೋಡೆಗೆ ಸುಣ್ಣ, ಮಂಚಕ್ಕೆ ಹೊಸ ಬೆಡ್‌ಶೀಟು. ಅವರ ಕಾರು ಗೇಟು ದಾಟಿದ ಮೇಲೆ ಬೆಡ್‌ಶೀಟು ಮತ್ತೆ ಸ್ಟೋರಿಗೆ. ಹಾಗಾಗಿ ರೋಸಲಿನ್ ಕಾರ್ಟರ್ ಹೆಸರನ್ನು ನನ್ನ ಪಾಠಗಳಲ್ಲಿ ಮೊದಲು ಕಂಡಾಗ ನಾನೂ ಪುಟ ತಿರುವಿ ಹಾಕಿದ್ದೆ. ಆಮೇಲೆ ಕೆಲಸದ ನಿಮಿತ್ತವೇ ಮತ್ತೆ ಮತ್ತೆ ಆ ಹೆಸರು ಎದುರಾಯಿತು, ಅದೂ ಅವರ ಗಂಡ ಅಧಿಕಾರ ಬಿಟ್ಟು ಇಪ್ಪತ್ತು ವರ್ಷ, ಮೂವತ್ತು ವರ್ಷ ಆದಮೇಲಿನ ಕಾಗದಪತ್ರಗಳಲ್ಲಿ. ಆಗ ಕೂತು ಓದಿದೆ. ನಿಮ್ಮ ಮಗಳು ಒಳ್ಳೆಯ ಹೆಸರನ್ನೇ ಹಿಡಿದಿದ್ದಾಳೆ.

ಅವಳು ಭಾಷಣವನ್ನು ಶ್ವೇತಭವನದಿಂದ ಶುರುಮಾಡೋದು ಬೇಡ ಅಂತ ಮೊದಲೇ ಹೇಳಿಬಿಡಿ. 1966ರ ಒಂದು ಬೆಳಗಿನ ಜಾವ ನಾಲ್ಕೂವರೆಗೆ, ಜಾರ್ಜಿಯಾ ರಾಜ್ಯದ ಒಂದು ಹತ್ತಿ ಗಿರಣಿಯ ಗೇಟಿನಿಂದ ಶುರುಮಾಡಲಿ.

ರೋಸಲಿನ್ ಅವರ ಗಂಡ, ಮುಂದೆ 1977ರಿಂದ 1981ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಆಗ ಜಾರ್ಜಿಯಾದ ರಾಜ್ಯಪಾಲರ ಚುನಾವಣೆಗೆ ನಿಂತಿದ್ದರು. (ಅಲ್ಲಿನ ರಾಜ್ಯಪಾಲರೆಂದರೆ ಜನ ಮತ ಹಾಕಿ ಆರಿಸುವವರು, ನಮ್ಮ ಮುಖ್ಯಮಂತ್ರಿಗೆ ಹತ್ತಿರ.) ಗಂಡ ಒಂದು ಊರಲ್ಲಿ, ಹೆಂಡತಿ ಇನ್ನೊಂದು ಊರಲ್ಲಿ ಮತ ಕೇಳುತ್ತಿದ್ದ ಕಾಲ. ರಾತ್ರಿ ಪಾಳಿ ಮುಗಿಸಿ ಹೊರಬರುವವರಿಗೆ ಕರಪತ್ರ ಕೊಡೋಣ ಅಂತ ರೋಸಲಿನ್ ಗೇಟಿನ ಹತ್ತಿರ ನಿಂತಿದ್ದರು. ಒಬ್ಬ ವಯಸ್ಸಾದ ಹೆಂಗಸು ಹೊರಬಂದಳು. ತಲೆಗೂದಲು, ಬಟ್ಟೆ ಎಲ್ಲಾ ಅರಳೆಯ ಎಳೆ. 'ಇನ್ನು ಮನೆಗೆ ಹೋಗಿ ಸ್ವಲ್ಪ ಮಲಗ್ತೀರಾ?' ಅಂತ ರೋಸಲಿನ್ ಕೇಳಿದರು. ಸ್ವಲ್ಪ ಕಣ್ಣು ಮುಚ್ಚಿದರೆ ಅದೇ ಹೆಚ್ಚು ಅಂದಳು ಆಕೆ. ಮನೆಯಲ್ಲಿ ಬುದ್ಧಿ ಸ್ವಾಧೀನದಲ್ಲಿಲ್ಲದ ಮಗಳು. ಅವಳ ಖರ್ಚಿಗೆ ಗಂಡನ ದುಡಿಮೆಯೊಂದೇ ಸಾಲದು. ಅದಕ್ಕೆ ಈಕೆ ರಾತ್ರಿ ಪಾಳಿ ಹಿಡಿದಿದ್ದಾಳೆ.

ಆ ಮಾತು ಇಡೀ ದಿನ ರೋಸಲಿನ್ ಅವರ ತಲೆಯಲ್ಲಿ ಕೊರೆಯಿತು. ಅದೇ ಊರಿಗೆ ಅವತ್ತು ಸಂಜೆ ಜಿಮ್ಮಿ ಬರುತ್ತಾರೆ ಅಂತ ಗೊತ್ತಾಯಿತು. ಸಭೆಯ ಕೊನೆಗೆ ಜನ ಸಾಲಾಗಿ ಬಂದು ಅಭ್ಯರ್ಥಿಯ ಕೈಕುಲುಕುತ್ತಿದ್ದರು. ರೋಸಲಿನ್ ಸುಮ್ಮನೆ ಆ ಸಾಲಿನ ಕೊನೆಗೆ ಹೋಗಿ ನಿಂತರು. ಸರದಿ ಬಂತು, ಜಿಮ್ಮಿ ಮುಖ ನೋಡುವ ಮೊದಲೇ ಕೈ ಹಿಡಿದುಕೊಂಡಿದ್ದರು. 'ನೀವು ಗೆದ್ದರೆ ಮನೋರೋಗಿಗಳಿಗೆ ಏನು ಮಾಡ್ತೀರಿ?' ಅಂತ ಹೆಂಡತಿ ಕೇಳಿದರು. ದೇಶದಲ್ಲೇ ಒಳ್ಳೆಯ ವ್ಯವಸ್ಥೆ ಮಾಡ್ತೀನಿ, ಅದರ ಹೊಣೆ ನಿನ್ನದೇ ಅನ್ನುವ ಅರ್ಥದ ಉತ್ತರ ಗಂಡನಿಂದ ಬಂತು. ಆ ಚುನಾವಣೆಯಲ್ಲಿ ಅವರು ಸೋತರು ಬಿಡಿ. 1970ರಲ್ಲಿ ಗೆದ್ದಾಗ ಮಾತು ಉಳಿಸಿಕೊಂಡರು.

ಈ ಘಟನೆಗೆ ನಾನು ಇಷ್ಟು ತೂಕ ಕೊಡೋದಕ್ಕೆ ಕಾರಣವಿದೆ. ನನ್ನ ಕೋಣೆಗೆ ಬಂದು ಕೂರುತ್ತಿದ್ದ ತಾಯಂದಿರಲ್ಲಿ ಆ ಗಿರಣಿಯ ಹೆಂಗಸನ್ನು ಎಷ್ಟು ಸಲ ನೋಡಿಲ್ಲ! ರೋಗಿಯ ಹೆಸರಿನಲ್ಲಿ ಒಂದು ಫೈಲಿರುತ್ತದೆ. ರೋಗಿಯನ್ನು ಸಂಭಾಳಿಸುವವಳ ಹೆಸರಿನಲ್ಲಿ ಏನೂ ಇರೋದಿಲ್ಲ. ರೋಸಲಿನ್ ಮೊದಲ ಸಲವೇ ಕಂಡದ್ದು ರೋಗಿಯನ್ನಲ್ಲ, ಈ ಎರಡನೆಯವಳನ್ನು. ಮುಂದಿನ ಐವತ್ತು ವರ್ಷದ ಕೆಲಸದ ದಿಕ್ಕು ಅಲ್ಲೇ ತಿರುಗಿತು ಅನ್ನೋದು ನನ್ನ ಅಂದಾಜು.

ಅವರಿಗೆ ಇದು ಕಾಣಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಹುಟ್ಟಿದ್ದು 1927ರ ಆಗಸ್ಟ್ 18ರಂದು, ಜಾರ್ಜಿಯಾದ ಪ್ಲೇನ್ಸ್ ಎಂಬ ಹಳ್ಳಿಯಲ್ಲಿ. ಆರೇಳು ನೂರು ಜನರ ಊರು, ಸುತ್ತ ಶೇಂಗಾ ಹೊಲ. ಅಪ್ಪ ಮೋಟಾರು ಮೆಕ್ಯಾನಿಕ್ಕು, ಬಸ್ ಡ್ರೈವರ್ ಕೂಡ. ರೋಸಲಿನ್‌ಗೆ 13 ವರ್ಷವಾದಾಗ ಅಪ್ಪ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ನಾಲ್ಕು ಮಕ್ಕಳಲ್ಲಿ ಇವರೇ ಹಿರಿಯವರು. ಅಮ್ಮ ಹೊಲಿಗೆ ಮಾಡಿದರು, ಆಮೇಲೆ ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ತಮ್ಮಂದಿರು, ತಂಗಿ, ಮನೆಗೆಲಸ ಎಲ್ಲದಕ್ಕೂ ಈ ಹುಡುಗಿ ಹೆಗಲು ಕೊಡಬೇಕಾಯಿತು. ಅಪ್ಪ ಮಲಗಿದ್ದಾಗ ಮನೆಗೆ ಬಂದು ಆರೈಕೆ ಮಾಡುತ್ತಿದ್ದ ನರ್ಸು ಲಿಲಿಯನ್ ಕಾರ್ಟರ್, ಅಂದರೆ ಮುಂದೆ ಅತ್ತೆಯಾಗುವವರು. ಈ ಅತ್ತೆಯ ಹೆಸರು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

1946ರ ಜುಲೈ 7ರಂದು ಮದುವೆ. ಜಿಮ್ಮಿ ನೌಕಾಪಡೆಯ ಅಧಿಕಾರಿ. ಊರೂರು ಸುತ್ತುವ ಆ ಬದುಕು ರೋಸಲಿನ್‌ಗೆ ಬಹಳ ಹಿಡಿಸಿತ್ತು. 1953ರಲ್ಲಿ ಮಾವ ತೀರಿಕೊಂಡಾಗ ಜಿಮ್ಮಿ ಕೆಲಸ ಬಿಟ್ಟು ಊರಿಗೆ ಮರಳುವ ತೀರ್ಮಾನ ಮಾಡಿದರು. ಹೆಂಡತಿಯನ್ನು ಕೇಳಲಿಲ್ಲ. ಕಾರಿನಲ್ಲಿ ಊರು ತಲುಪುವವರೆಗೂ ಆಕೆ ಗಂಡನ ಜೊತೆ ನೇರವಾಗಿ ಮಾತಾಡಲಿಲ್ಲವಂತೆ. ಹಾಗೆ ಮುನಿಸಿಕೊಂಡು ಬಂದವರೇ ಶೇಂಗಾ ವ್ಯಾಪಾರದ ಲೆಕ್ಕಪತ್ರ ಕೈಗೆ ತೆಗೆದುಕೊಂಡರು. ಕೆಲವೇ ವರ್ಷದಲ್ಲಿ ಯಾವ ಬಾಬತ್ತಿನಲ್ಲಿ ಲಾಭ, ಯಾವುದರಲ್ಲಿ ನಷ್ಟ ಅನ್ನೋದು ಗಂಡನಿಗಿಂತ ಹೆಂಡತಿಗೇ ಚೆನ್ನಾಗಿ ಗೊತ್ತಿತ್ತು. ಮುಂದೆ ಇವರ ಸಮಾಜಸೇವೆಯಲ್ಲಿ ಕಾಣುವ ಲೆಕ್ಕದ ಬುದ್ಧಿ ಇಲ್ಲಿಂದ ಬಂದದ್ದು.

ಗಂಡ ರಾಜ್ಯಪಾಲರಾದ ಮೇಲೆ ಮನೋರೋಗಿಗಳ ಸೇವೆ ಸುಧಾರಿಸಲು ಒಂದು ಆಯೋಗ ನೇಮಕವಾಯಿತು, ರೋಸಲಿನ್ ಅದರಲ್ಲಿ ಕೂತರು. ಆಗಿನ ಜಾರ್ಜಿಯಾದ ಪರಿಸ್ಥಿತಿ ಹೇಳಬೇಕೆಂದರೆ ಮಿಲೆಜ್‌ವಿಲ್ ಎಂಬ ಊರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯನ್ನು ನೋಡಬೇಕು. ಒಂದು ಕಾಲಕ್ಕೆ ಅಲ್ಲಿ ಹನ್ನೆರಡು ಸಾವಿರದಷ್ಟು ಜನ ಇದ್ದರು. ಆಸ್ಪತ್ರೆ ಅನ್ನೋದಕ್ಕಿಂತ ಊರು ಅನ್ನಬೇಕು. ಅಲ್ಲಿಂದ ರೋಗಿಗಳನ್ನು ಮನೆಗೆ ಕಳಿಸುವ ಕೆಲಸ ಅರವತ್ತರ ದಶಕದಲ್ಲೇ ಶುರುವಾಗಿತ್ತು, ಆದರೆ ಮನೆಯ ಹತ್ತಿರ ಔಷಧಿ ಕೊಡೋದಕ್ಕೆ, ವಿಚಾರಿಸೋದಕ್ಕೆ ಯಾರೂ ಇರಲಿಲ್ಲ. ರೋಸಲಿನ್ ಅಟ್ಲಾಂಟಾದ ಮಾನಸಿಕ ಆಸ್ಪತ್ರೆಯೊಂದರಲ್ಲಿ ವಾರಕ್ಕೊಂದು ದಿನ ಸ್ವಯಂಸೇವಕಿಯಾಗಿ ಕೆಲಸ ಮಾಡುತ್ತ ಇದನ್ನೆಲ್ಲ ಒಳಗಿನಿಂದ ಕಲಿತರು. ದೊಡ್ಡ ಆಸ್ಪತ್ರೆಯ ಬದಲು ಜನರ ಹತ್ತಿರವೇ ಸಣ್ಣ ಕೇಂದ್ರಗಳು ಬರಬೇಕು ಅನ್ನೋದು ಅವರ ಪಟ್ಟು. ಜಾರ್ಜಿಯಾದಲ್ಲಿ ಅಂಥ ಕೇಂದ್ರಗಳು ಹೆಚ್ಚಿದವು.

ಇದೇ ಹೊತ್ತಿಗೆ ನಮ್ಮ ಬೆಂಗಳೂರಿನಲ್ಲೂ ಅದೇ ವಿಚಾರ ಮೊಳೆಯುತ್ತಿತ್ತು. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಎಪ್ಪತ್ತರ ದಶಕದಲ್ಲೇ ಅಲ್ಲಿನವರು ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಕೂತು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ಮನೋರೋಗ ಗುರುತಿಸೋದು, ಔಷಧಿ ಕೊಡೋದು ಕಲಿಸಬಹುದೇ ಅಂತ ನೋಡಿದರು. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ದೊಡ್ಡದಾಗಿ ಮಾಡಿ ತೋರಿಸಿದರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಈಗ ದೇಶದ ತುಂಬ ಇರೋದರ ಬೇರು ಬಳ್ಳಾರಿಯಲ್ಲಿದೆ. ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡಿದ್ದಲ್ಲ ಇದು. ಎರಡು ಕಡೆಯೂ ಆಸ್ಪತ್ರೆಯ ಗೋಡೆ ಸಾಲದು ಅಂತ ಅನುಭವದಿಂದ ಗೊತ್ತಾಗಿತ್ತು. ಮಗಳ ಸೆಮಿನಾರಿಗೆ ಇದು ಉಪಯೋಗಕ್ಕೆ ಬಂದೀತು.

ಈಗ ನಿಮ್ಮ ಎರಡನೆಯ ಪ್ರಶ್ನೆ, ಸಂಬಳ ಮತ್ತು ಅಧಿಕಾರ. ಸಂಬಳ ಇಲ್ಲ, ಒಂದು ಡಾಲರೂ ಇಲ್ಲ. ಅಮೆರಿಕದ ಸಂವಿಧಾನದಲ್ಲಿ ಅಧ್ಯಕ್ಷರ ಪತ್ನಿಗೆ ಒಂದು ಸಾಲೂ ಇಲ್ಲ. ಸಹಾಯಕ ಸಿಬ್ಬಂದಿಗೆ ಕಾನೂನಿನ ಆಧಾರ ಸಿಕ್ಕಿದ್ದೇ 1978ರಲ್ಲಿ, ರೋಸಲಿನ್ ಅವರ ಕಾಲದಲ್ಲಿ. ಶ್ವೇತಭವನದ ಪೂರ್ವ ಭಾಗದಲ್ಲಿ ತನ್ನದೇ ಕಚೇರಿ ಮಾಡಿಕೊಂಡು ದಿನಾ ಕೆಲಸಕ್ಕೆ ಹೋಗುತ್ತಿದ್ದ ಮೊದಲ ಅಧ್ಯಕ್ಷ ಪತ್ನಿ ಅವರು. ಸಚಿವ ಸಂಪುಟದ ಸಭೆಗಳಲ್ಲಿ ಗೋಡೆಯ ಪಕ್ಕ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು, ಮಾತಾಡುತ್ತಿರಲಿಲ್ಲ. ವಾರಕ್ಕೊಮ್ಮೆ ಗಂಡ ಹೆಂಡತಿ ಮಧ್ಯಾಹ್ನದ ಊಟಕ್ಕೆ ಕೂರುತ್ತಿದ್ದರು, ಫೈಲು ಇಟ್ಟುಕೊಂಡು. ಪತ್ರಿಕೆಗಳು ಇದಕ್ಕೂ ಗೊಣಗಿದವು. ಇವಳನ್ನು ಯಾರು ಆರಿಸಿ ಕಳಿಸಿದರು ಅನ್ನೋದು ಆಕ್ಷೇಪ. ಅದು ಪೂರ್ತಿ ತಪ್ಪು ಪ್ರಶ್ನೆ ಅಂತ ನಾನು ಹೇಳಲಾರೆ. ಚುನಾಯಿತರಲ್ಲದವರು ಅಧಿಕಾರದ ಪಕ್ಕದಲ್ಲಿ ಕೂರುವುದನ್ನು ಪ್ರಜಾಪ್ರಭುತ್ವದಲ್ಲಿ ಕೇಳಲೇಬೇಕು.

ಕಾನೂನೂ ಕೇಳಿತು. 1977ರ ಫೆಬ್ರವರಿಯಲ್ಲಿ, ಅಧಿಕಾರಕ್ಕೆ ಬಂದು ತಿಂಗಳಾಗುವ ಮೊದಲೇ, ಕಾರ್ಟರ್ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ಆಯೋಗ ನೇಮಿಸಿದರು. ಹೆಂಡತಿಯನ್ನೇ ಅಧ್ಯಕ್ಷೆ ಮಾಡಬೇಕೆಂದಿದ್ದರು, ಆದರೆ ಹತ್ತಿರದ ಸಂಬಂಧಿಕರನ್ನು ಸರ್ಕಾರಿ ಹುದ್ದೆಗೆ ನೇಮಿಸುವಂತಿಲ್ಲ ಎಂಬ 1967ರ ಕಾನೂನು ಅಡ್ಡ ಬಂತು. ಹಾಗಾಗಿ ರೋಸಲಿನ್ 'ಗೌರವ ಅಧ್ಯಕ್ಷೆ'. ನಮ್ಮಲ್ಲಿ ಗೌರವ ಅಧ್ಯಕ್ಷರು ಅಂದರೆ ಶಾಲು, ಹಾರ, ಸಮಾರಂಭಕ್ಕೆ ಅರ್ಧ ಗಂಟೆ ತಡ. ಇವರು ಊರೂರಿನ ಅಹವಾಲು ಸಭೆಗಳಲ್ಲಿ ಕೂತು ರೋಗಿಗಳ, ಮನೆಯವರ ಮಾತು ಕೇಳಿದರು. 1978ರಲ್ಲಿ ವರದಿ ಬಂತು, ನೂರಕ್ಕೂ ಹೆಚ್ಚು ಶಿಫಾರಸು. 1979ರ ಫೆಬ್ರವರಿಯಲ್ಲಿ ಸೆನೆಟ್ ಉಪಸಮಿತಿಯ ಮುಂದೆ ಸ್ವತಃ ಹೋಗಿ ಸಾಕ್ಷ್ಯ ಹೇಳಿದರು. ಅಲ್ಲಿಯವರೆಗೆ ಎಲಿನಾರ್ ರೂಸ್‌ವೆಲ್ಟ್ ಬಿಟ್ಟರೆ ಹಾಗೆ ಹೋದ ಅಧ್ಯಕ್ಷ ಪತ್ನಿ ಇವರೇ. 1980ರ ಅಕ್ಟೋಬರ್ 7ರಂದು ಮಾನಸಿಕ ಆರೋಗ್ಯ ವ್ಯವಸ್ಥೆಗಳ ಕಾಯ್ದೆಗೆ ಸಹಿ ಬಿತ್ತು.

ಆಮೇಲೆ ಏನಾಯಿತು ಗೊತ್ತೆ? ಮುಂದಿನ ತಿಂಗಳೇ ಚುನಾವಣೆ, ಕಾರ್ಟರ್ ಸೋತರು. ರೇಗನ್ ಬಂದರು. 1981ರ ಬಜೆಟ್ ಕಾನೂನಿನಲ್ಲಿ ಆ ಕಾಯ್ದೆಯ ಬಹುಪಾಲನ್ನು ರದ್ದು ಮಾಡಿ, ಕಡಿಮೆ ಹಣವನ್ನು ಒಟ್ಟಾಗಿ ರಾಜ್ಯಗಳ ಕೈಗೆ ಕೊಟ್ಟು, ನೀವೇ ನೋಡಿಕೊಳ್ಳಿ ಅಂದರು. ನಾಲ್ಕು ವರ್ಷದ ಕೆಲಸ ಒಂದು ವರ್ಷವೂ ಬಾಳಲಿಲ್ಲ. ಅಷ್ಟರಲ್ಲಿ ದೊಡ್ಡ ಆಸ್ಪತ್ರೆಗಳಿಂದ ಜನ ಹೊರಗೆ ಬಂದಾಗಿತ್ತು, ಊರಿನಲ್ಲಿ ಹಿಡಿದುಕೊಳ್ಳುವ ಕೈ ಬರಲೇ ಇಲ್ಲ. ಅಮೆರಿಕದ ನಗರಗಳ ಫುಟ್‌ಪಾತಿನ ಮೇಲೆ ಮಲಗುವ ಮನೋರೋಗಿಗಳ ಕಥೆಗೆ ಹಲವು ಕಾರಣಗಳಿವೆ, ಇದೂ ಒಂದು. 'ಜಿಮ್ಮಿಗೆ ಕಹಿ ಇದ್ದಂತಿಲ್ಲವಲ್ಲ' ಅಂತ ಸೋಲಿನ ನಂತರ ಯಾರೋ ಅಂದಾಗ, ನಮ್ಮಿಬ್ಬರ ಪಾಲಿನ ಕಹಿಯೂ ನನ್ನಲ್ಲೇ ಇದೆ ಎಂಬರ್ಥದ ಮಾತು ರೋಸಲಿನ್ ಹೇಳಿದ್ದು ಪ್ರಸಿದ್ಧ.

ನಿಮ್ಮ ಅನುಮಾನಕ್ಕೆ ಸರಿಯಾದ ಪರೀಕ್ಷೆ ಇಲ್ಲಿದೆ. ಸ್ಥಾನ ಹೋಯಿತು, ಕಾನೂನು ಹೋಯಿತು, ಊರಿಗೆ ಬಂದು ನೋಡಿದರೆ ಶೇಂಗಾ ವ್ಯಾಪಾರದ ಮೇಲೆ ಸುಮಾರು ಹತ್ತು ಲಕ್ಷ ಡಾಲರ್ ಸಾಲ. ವಯಸ್ಸು 53. ತೋರಿಕೆಯ ಸೇವೆಯಾಗಿದ್ದರೆ ಅಲ್ಲಿಗೇ ನಿಲ್ಲಬೇಕಿತ್ತು. ಫೋಟೊ ತೆಗೆಯುವವರು ಬೇರೆಯವರ ಹಿಂದೆ ಹೋಗಿದ್ದರು.

1982ರಲ್ಲಿ ಗಂಡ ಹೆಂಡತಿ ಸೇರಿ ಅಟ್ಲಾಂಟಾದಲ್ಲಿ ಕಾರ್ಟರ್ ಕೇಂದ್ರ ಕಟ್ಟಿದರು. ಮಾನಸಿಕ ಆರೋಗ್ಯದ ವಿಭಾಗ ರೋಸಲಿನ್ ಅವರದ್ದು. 1985ರಿಂದ ಪ್ರತಿ ವರ್ಷ ಒಂದು ವಿಚಾರಗೋಷ್ಠಿ, ಒಬ್ಬರ ಜೊತೆ ಒಬ್ಬರು ಮಾತಾಡದ ಸಂಘಟನೆಗಳನ್ನು ಒಂದೇ ಮೇಜಿಗೆ ಕೂರಿಸುವ ಕೆಲಸ. ಕೇಳಲು ಸಪ್ಪೆ, ಮಾಡಲು ಕಷ್ಟ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ರೋಗಿಗಳ ಸಂಘ, ಮನೆಯವರ ಸಂಘ ಈ ನಾಲ್ಕನ್ನು ಒಂದು ಕೋಣೆಯಲ್ಲಿ ಎರಡು ಗಂಟೆ ಜಗಳವಿಲ್ಲದೆ ಕೂರಿಸಿ ನೋಡಿ, ಗೊತ್ತಾಗುತ್ತದೆ. 1996ರಿಂದ ಪತ್ರಕರ್ತರಿಗೆ ಫೆಲೋಶಿಪ್. ಪತ್ರಿಕೆಯವರು ಮನೋರೋಗದ ಬಗ್ಗೆ 'ಹುಚ್ಚ', 'ಕೊಲೆಗಡುಕ' ಅಂತ ಬರೆಯೋದನ್ನು ಬಯ್ಯುವ ಬದಲು, ಅವರಿಗೇ ಒಂದು ವರ್ಷ ಸಮಯ, ಹಣ ಕೊಟ್ಟು ವಿಷಯ ಕಲಿಯಲು ಬಿಡುವ ಏರ್ಪಾಡು. ನನ್ನ ದೃಷ್ಟಿಯಲ್ಲಿ ಅವರು ಮಾಡಿದ ಅತಿ ಜಾಣ ಕೆಲಸ ಇದು. ಇದಕ್ಕೊಂದು ಹಿನ್ನೆಲೆಯೂ ಇದೆ: ಶ್ವೇತಭವನದಲ್ಲಿದ್ದಾಗ ಆಯೋಗದ ಕೆಲಸದ ಬಗ್ಗೆ ಪತ್ರಿಕೆಗಳು ಬರೆಯಲೇ ಇಲ್ಲ, ಈಕೆ ಔತಣದಲ್ಲಿ ಯಾವ ಮದ್ಯ ಕೊಡುವುದಿಲ್ಲ ಅನ್ನೋದೇ ಸುದ್ದಿಯಾಯಿತು ಎಂಬ ಬೇಸರ ಅವರಿಗಿತ್ತು. 1971ರಲ್ಲಿ ರಾಜ್ಯಪಾಲರ ಪ್ರಮಾಣವಚನಕ್ಕೆ ಉಟ್ಟ ನೀಲಿ ಗೌನನ್ನೇ 1977ರಲ್ಲಿ ಅಧ್ಯಕ್ಷರ ಸಮಾರಂಭಕ್ಕೂ ಉಟ್ಟರಲ್ಲ, ಅದಕ್ಕೆ ಸಿಕ್ಕಷ್ಟು ಜಾಗ ಮನೋರೋಗಿಗಳಿಗೆ ಸಿಗಲಿಲ್ಲ.

ವಿಮೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದಲ್ಲಿ ಚಿಕಿತ್ಸೆ ನಡೆಯೋದೇ ವಿಮೆಯ ಮೇಲೆ. ಹೃದಯದ ಕಾಯಿಲೆಗೆ ಒಂದು ನಿಯಮ, ಮನಸ್ಸಿನ ಕಾಯಿಲೆಗೆ ಇನ್ನೊಂದು: ವರ್ಷಕ್ಕೆ ಇಷ್ಟೇ ದಿನ ಆಸ್ಪತ್ರೆ, ಇಷ್ಟೇ ಸಲ ಭೇಟಿ, ರೋಗಿ ಕೈಯಿಂದ ಹಾಕುವ ಪಾಲೂ ಜಾಸ್ತಿ. ಎರಡಕ್ಕೂ ಒಂದೇ ಅಳತೆ ಇರಬೇಕು ಅನ್ನೋದು ರೋಸಲಿನ್ ಅವರ ಹಠ. 2007ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಮತ್ತೆ ಸಂಸತ್ತಿನ ಸಮಿತಿಯ ಮುಂದೆ ಹೋಗಿ ಕೂತರು. 2008ರ ಅಕ್ಟೋಬರಿನಲ್ಲಿ ಕಾನೂನು ಪಾಸಾಯಿತು, ಅದೂ ಹೇಗೆ? ಆ ವರ್ಷ ಮುಳುಗುತ್ತಿದ್ದ ಬ್ಯಾಂಕುಗಳನ್ನು ಉಳಿಸಲು ತರಾತುರಿಯಲ್ಲಿ ತಂದ ಮಸೂದೆಯ ಬಾಲಕ್ಕೆ ಕಟ್ಟಿಕೊಂಡು. ಅದರ ಅಂತಿಮ ನಿಯಮಗಳು ಹೊರಬೀಳಲು 2013ರ ನವೆಂಬರ್ ಆಯಿತು. ಆರೋಗ್ಯ ಸಚಿವೆ ಅದನ್ನು ಘೋಷಿಸಿದ್ದು ಅಟ್ಲಾಂಟಾದ ಕಾರ್ಟರ್ ಕೇಂದ್ರದಲ್ಲಿ, ರೋಸಲಿನ್ ಅವರ ಗೋಷ್ಠಿಯಲ್ಲೇ. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ವಿಮೆಯವರು ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಯ ಸಮಕ್ಕೆ ನೋಡಬೇಕು ಎಂಬ ಕಲಮಿದೆ. ನಿಮ್ಮ ಮನೆಯ ಪಾಲಿಸಿಯನ್ನೊಮ್ಮೆ ತೆಗೆದು ಓದಿ.

1987ರಲ್ಲಿ ಓದಿದ ಕಾಲೇಜಿನಲ್ಲೇ, ಪ್ಲೇನ್ಸ್‌ಗೆ ಹತ್ತಿರದ ಅಮೆರಿಕಸ್ ಎಂಬ ಊರಿನಲ್ಲಿ, ಆರೈಕೆದಾರರಿಗಾಗಿ ಒಂದು ಸಂಸ್ಥೆ ಶುರುಮಾಡಿದರು. ಗಿರಣಿಯ ಹೆಂಗಸಿಗೆ ಇಪ್ಪತ್ತೊಂದು ವರ್ಷದ ನಂತರ ಕೊಟ್ಟ ಉತ್ತರ ಅಂತ ನಾನು ಅದನ್ನು ನೋಡುತ್ತೇನೆ. ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಅಲ್ಲಿ ಕಲಿಸುವುದು ಬಹಳ ಸಣ್ಣ ಸಣ್ಣ ಸಂಗತಿ: ಸಿಟ್ಟು ಬಂದಾಗ ಏನು ಮಾಡಬೇಕು, ರಾತ್ರಿ ಎದ್ದು ಹೊರಟರೆ ಹೇಗೆ ತಡೆಯಬೇಕು, ನೋಡಿಕೊಳ್ಳುವವರು ತಾವು ಯಾವಾಗ ಮಲಗಬೇಕು. ಜಗತ್ತಿನಲ್ಲಿ ನಾಲ್ಕೇ ಬಗೆಯ ಜನ, ಆರೈಕೆ ಮಾಡಿದವರು, ಮಾಡುತ್ತಿರುವವರು, ಮುಂದೆ ಮಾಡುವವರು, ಆರೈಕೆ ಬೇಕಾಗುವವರು ಅನ್ನೋ ಮಾತನ್ನು ಇಂಟರ್‌ನೆಟ್ಟಿನಲ್ಲಿ ಅವರ ಹೆಸರಿನಲ್ಲೇ ಹಾಕುತ್ತಾರೆ. ಅದು ತನ್ನ ಸಹೋದ್ಯೋಗಿಯೊಬ್ಬರ ಮಾತು ಅಂತ ಅವರೇ ಹೇಳುತ್ತಿದ್ದರು. ಮಗಳು ಸ್ಲೈಡಿನಲ್ಲಿ ಹಾಕುವಾಗ ಇದನ್ನು ಸರಿಯಾಗಿ ಬರೆಯಲಿ.

ಉಳಿದ ಕೆಲವನ್ನು ಬೇಗ ಹೇಳುತ್ತೇನೆ. 1979ರ ನವೆಂಬರಿನಲ್ಲಿ ಥಾಯ್ಲೆಂಡಿಗೆ ಹೋಗಿ ಕಾಂಬೋಡಿಯಾ ನಿರಾಶ್ರಿತರ ಶಿಬಿರ ನೋಡಿ ಬಂದು ನೆರವು ಕೂಡಿಸಿದರು. ಸಣ್ಣ ಮಕ್ಕಳ ಲಸಿಕೆಗಾಗಿ ಬೆಟ್ಟಿ ಬಂಪರ್ಸ್ ಎಂಬ ಇನ್ನೊಬ್ಬ ರಾಜಕಾರಣಿಯ ಪತ್ನಿಯ ಜೊತೆ ಸೇರಿ, ದಡಾರದ ಹಾವಳಿಯ ನಂತರ 1991ರಲ್ಲಿ ಒಂದು ಸಂಘ ಕಟ್ಟಿದರು. ಲೈಬೀರಿಯಾದಲ್ಲಿ ಇಡೀ ದೇಶಕ್ಕೆ ಒಬ್ಬರೇ ಮನೋವೈದ್ಯರಿದ್ದಾಗ, 2010ರಿಂದ ಅಲ್ಲಿನ ನರ್ಸುಗಳಿಗೇ ತರಬೇತಿ ಕೊಡುವ ಕೆಲಸ ಅವರ ಕೇಂದ್ರದಿಂದ ನಡೆಯಿತು. ಬಳ್ಳಾರಿಯಲ್ಲಿ ನಡೆದದ್ದಕ್ಕೆ ಬಹಳ ಹತ್ತಿರದ ವಿಚಾರ ಅದು.

ನಾರುಹುಣ್ಣಿನ ಬಗ್ಗೆ ಮಾತ್ರ ಬೇಗ ಹೇಳಲಾಗದು. ಉತ್ತರ ಕರ್ನಾಟಕದ ಹಿರಿಯರಿಗೆ ಈ ಹೆಸರು ಹೇಳಿದರೆ ಸಾಕು, ಮುಖ ಕಿವುಚುತ್ತಾರೆ. ಬಾವಿಗೆ ಇಳಿದು ಕೊಡ ತುಂಬುವ ಕಾಲ. ಆ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದ ಪುಟ್ಟ ಜೀವಿ, ಅದರ ಹೊಟ್ಟೆಯಲ್ಲಿ ಹುಳದ ಮರಿ. ಕುಡಿದವರ ಮೈಯೊಳಗೆ ಒಂದು ವರ್ಷ ಬೆಳೆದು, ಸೇವಿಗೆ ಎಳೆಯಂಥ ಹೆಣ್ಣು ಹುಳ, ಮೂರು ಅಡಿಯವರೆಗೂ ಉದ್ದ, ಕಾಲಿನಲ್ಲಿ ಬೊಕ್ಕೆ ಎಬ್ಬಿಸಿ ಹೊರಬರುತ್ತದೆ. ಎಳೆದರೆ ತುಂಡಾಗಿ ಒಳಗೇ ಕೀವಾಗುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ನಮ್ಮಜ್ಜಿಯ ಹಿಮ್ಮಡಿಯ ಹತ್ತಿರ ಒಂದು ಕಲೆಯಿತ್ತು. ಬಿತ್ತನೆಯ ಸಮಯಕ್ಕೇ ಸರಿಯಾಗಿ ಹುಳ ಬಂದು, ಆ ವರ್ಷ ಹೊಲಕ್ಕೆ ಹೋಗಲಾಗದೆ ಕಟ್ಟೆಯ ಮೇಲೆ ಕೂತಿದ್ದನ್ನು ಹೇಳುತ್ತಿದ್ದಳು. ಉರಿ ತಡೆಯಲಾರದೆ ಕಾಲನ್ನು ನೀರಿಗೆ ಇಳಿಬಿಟ್ಟರೆ ಹುಳ ಲಕ್ಷಾಂತರ ಮರಿ ಬಿಡುತ್ತದೆ, ಮತ್ತೆ ಅದೇ ನೀರು ಊರಿಗೆಲ್ಲ.

ಇದಕ್ಕೆ ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ. ನೀರನ್ನು ಸಣ್ಣ ಜಾಲರಿಯ ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಹುಣ್ಣಿದ್ದವರು ನೀರಿಗಿಳಿಯದಂತೆ ನೋಡಿಕೊಳ್ಳುವುದು, ನೀರಿನ ಆ ಪುಟ್ಟ ಜೀವಿಗಳನ್ನು ಕೊಲ್ಲಲು ಕೆರೆಗೆ ಔಷಧಿ ಹಾಕುವುದು, ಇಷ್ಟೇ. 1986ರಲ್ಲಿ ಕಾರ್ಟರ್ ಕೇಂದ್ರ ಇದರ ನಿರ್ಮೂಲನೆಯ ಮುಂದಾಳತ್ವ ವಹಿಸಿದಾಗ ಆಫ್ರಿಕಾ, ಏಷ್ಯಾದಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಈ ಕಾಯಿಲೆ ಇತ್ತು ಅನ್ನೋದು ಅಂದಾಜು. 1988ರಲ್ಲಿ ದಂಪತಿ ಘಾನಾದ ಒಂದು ಹಳ್ಳಿಗೆ ಹೋದರು. ಒಬ್ಬ ಹುಡುಗಿ ಎದೆಗೆ ಮಗುವನ್ನು ಅವುಚಿಕೊಂಡಂತೆ ನಿಂತಿದ್ದಳು. ಹತ್ತಿರ ಹೋಗಿ ನೋಡಿದರೆ ಮಗುವಲ್ಲ, ಊದಿದ ಅವಳದೇ ಮೊಲೆ, ಅದರಿಂದ ಹುಳ ಹೊರಬರುತ್ತಿತ್ತು. ರೋಸಲಿನ್ ತೀರಿಕೊಂಡ 2023ರಲ್ಲಿ ಇಡೀ ಜಗತ್ತಿನಲ್ಲಿ ಮನುಷ್ಯರಲ್ಲಿ ಕಂಡ ಪ್ರಕರಣ 14. ನಾಯಿಗಳಲ್ಲೂ ಸೋಂಕು ಕಾಣುತ್ತಿರುವುದರಿಂದ ಕೊನೆಯ ಮೆಟ್ಟಿಲು ಇನ್ನೂ ಬಾಕಿ.

ಒಂದು ಎಚ್ಚರಿಕೆ. ಭಾರತದ ನಾರುಹುಣ್ಣನ್ನು ಕಾರ್ಟರ್ ದಂಪತಿ ಓಡಿಸಿದರು ಅಂತ ಮಗಳು ಬರೆಯಬಾರದು. ನಮ್ಮ ಸರ್ಕಾರದ ಕಾರ್ಯಕ್ರಮ ಅದಕ್ಕೂ ಮೊದಲೇ, 1983-84ರಲ್ಲೇ ಶುರುವಾಗಿತ್ತು. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ನಮ್ಮ ಆರೋಗ್ಯ ಕಾರ್ಯಕರ್ತರು ಬಾವಿ ಬಾವಿ ಸುತ್ತಿ, ಮೆಟ್ಟಿಲುಬಾವಿಗಳನ್ನು ಮುಚ್ಚಿಸಿ, ಬೋರ್‌ವೆಲ್ ಹಾಕಿಸಿ ಮಾಡಿದ ಕೆಲಸ. ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಪ್ರಮಾಣಪತ್ರ ಕೊಟ್ಟಿತು. ಆಫ್ರಿಕಾದಲ್ಲೂ ಬೆವರು ಸುರಿಸಿದವರು ಅಲ್ಲಿನ ಹಳ್ಳಿಯ ಸ್ವಯಂಸೇವಕರೇ. ಕಾರ್ಟರ್‌ಗಳು ಕೊಟ್ಟದ್ದು ಹೆಸರು, ಹಣ ಕೂಡಿಸುವ ಶಕ್ತಿ, ಮಂತ್ರಿಗಳ ಬಾಗಿಲು ತೆರೆಸುವ ಸಲುಗೆ. ಮಾಜಿ ಅಧ್ಯಕ್ಷರ ಕುಟುಂಬದ ಕೈಯಲ್ಲಿರುವ ಬಂಡವಾಳ ಅದೇ ತಾನೆ? ಅದನ್ನು ಯಾರಿಗೂ ಬೇಡವಾದ, ಬಡವರಿಗಷ್ಟೇ ಬರುವ ಹುಳಕ್ಕೆ ಖರ್ಚು ಮಾಡಿದರು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ನಮ್ಮ ದೇಶದ ನಂಟು. 1978ರ ಜನವರಿ 3ರಂದು ದಂಪತಿ ಹರಿಯಾಣದ ಗುರ್ಗಾಂವ್ ಹತ್ತಿರದ ದೌಲತ್‌ಪುರ ನಸೀರಾಬಾದ್ ಎಂಬ ಹಳ್ಳಿಗೆ ಹೋಗಿದ್ದರು. ಊರವರು ಖುಷಿಗೆ ಊರಿನ ಹೆಸರನ್ನೇ 'ಕಾರ್ಟರ್‌ಪುರಿ' ಮಾಡಿದರು, ಈಗಲೂ ಅದೇ ಹೆಸರು.

2006ರಲ್ಲಿ ಬಂದದ್ದು ಬೇರೆ ರೀತಿ. ಬಡವರಿಗೆ ಮನೆ ಕಟ್ಟಿಕೊಡುವ 'ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ' ಹುಟ್ಟಿದ್ದೂ ಅಮೆರಿಕಸ್ ಊರಿನಲ್ಲೇ. 1984ರಿಂದ ದಂಪತಿ ವರ್ಷಕ್ಕೊಂದು ವಾರ ಅದರ ಜೊತೆ ಕೂಲಿಯವರಂತೆ ಕೆಲಸ ಮಾಡುತ್ತಿದ್ದರು. ಅದು ಪುಕ್ಕಟೆ ಮನೆಯಲ್ಲ: ಮನೆ ಪಡೆಯುವವರೂ ಮೈಮುರಿದು ದುಡಿಯಬೇಕು, ಸಾಲವನ್ನು ಬಡ್ಡಿಯಿಲ್ಲದೆ ಕಂತಿನಲ್ಲಿ ತೀರಿಸಬೇಕು. ಈ ವಾರ್ಷಿಕ ಕೆಲಸದಲ್ಲಿ 14 ದೇಶಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮನೆ ಆದವು. 2006ರ ಸರದಿ ನಮ್ಮದು: ಪುಣೆ-ಮುಂಬೈ ದಾರಿಯ ಲೋನಾವಳಾ ಹತ್ತಿರ ಒಂದು ವಾರದಲ್ಲಿ ನೂರು ಮನೆಗಳ ಯೋಜನೆ. ರೋಸಲಿನ್‌ಗೆ ಆಗ 79.

ಇದಕ್ಕೂ ಹಳೆಯ ನಂಟು ಅತ್ತೆಯದ್ದು. 1966ರಲ್ಲಿ, ಸೊಸೆ ಗಿರಣಿಯ ಗೇಟಿನಲ್ಲಿ ನಿಂತಿದ್ದ ಅದೇ ವರ್ಷ, ಲಿಲಿಯನ್ ಕಾರ್ಟರ್ 68ನೇ ವಯಸ್ಸಿನಲ್ಲಿ ಬೇರೆ ದೇಶಗಳಿಗೆ ಸೇವೆಗೆ ಜನರನ್ನು ಕಳಿಸುವ ಅಮೆರಿಕ ಸರ್ಕಾರದ 'ಪೀಸ್ ಕೋರ್' ಸಂಸ್ಥೆಯ ಸ್ವಯಂಸೇವಕಿಯಾಗಿ ಮುಂಬೈಯ ವಿಕ್ರೋಳಿಗೆ ಬಂದಿಳಿದರು. ಅಲ್ಲಿನ ದವಾಖಾನೆಯಲ್ಲಿ ಎರಡು ವರ್ಷದ ಹತ್ತಿರ ನರ್ಸಾಗಿ ದುಡಿದರು, ಕುಷ್ಠರೋಗಿಗಳ ಆರೈಕೆಯೂ ಅದರಲ್ಲಿ ಸೇರಿತ್ತು. ಅವರ ಮಗ ಆಗ ಚುನಾವಣೆ ಸೋತ ಶೇಂಗಾ ವ್ಯಾಪಾರಿ, ಅಧ್ಯಕ್ಷರಾಗಲು ಇನ್ನೂ ಹತ್ತು ವರ್ಷ ಇತ್ತು. ಮಗಳ ಸೆಮಿನಾರಿನ ವಿಷಯದೊಳಗೆ ಅತ್ತೆ ಬರುವುದಿಲ್ಲ ಅಂತ ಮೇಷ್ಟ್ರು ತಕರಾರು ತೆಗೆದರೂ ಈ ಒಂದು ಸ್ಲೈಡನ್ನು ಬಿಡಬೇಡ ಅನ್ನಿ.

ತೇದಿಗಳು ಬೇಕಾದರೆ: 1999ರಲ್ಲಿ ದಂಪತಿಗೆ ಒಟ್ಟಿಗೆ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷರ ಸ್ವಾತಂತ್ರ್ಯ ಪದಕ. 2023ರ ಮೇ ತಿಂಗಳಲ್ಲಿ ರೋಸಲಿನ್‌ಗೆ ಮರೆವಿನ ಕಾಯಿಲೆ ಇದೆ ಅಂತ ಮನೆಯವರು ಬಹಿರಂಗವಾಗಿ ಹೇಳಿದರು, ಮುಚ್ಚಿಡಲಿಲ್ಲ. ಅದೇ ವರ್ಷ ನವೆಂಬರ್ 19ರಂದು, 96ನೇ ವಯಸ್ಸಿನಲ್ಲಿ, ಪ್ಲೇನ್ಸ್‌ನ ತಮ್ಮ ಮನೆಯಲ್ಲೇ ಕಣ್ಣುಮುಚ್ಚಿದರು. ಸ್ವತಃ ಕೊನೆಗಾಲದ ಆರೈಕೆಯಲ್ಲಿದ್ದ 99 ವರ್ಷದ ಜಿಮ್ಮಿ ಗಾಲಿಕುರ್ಚಿಯಲ್ಲಿ, ಮೊಣಕಾಲಿನ ಮೇಲೆ ಹೊದಿಕೆ ಹೊದ್ದು, ಅಟ್ಲಾಂಟಾದ ಶ್ರದ್ಧಾಂಜಲಿ ಸಭೆಗೆ ಬಂದು ಕೂತಿದ್ದರು. ಹೊದಿಕೆಯ ಮೇಲೆ ಹೆಂಡತಿಯ ಮುಖದ ಚಿತ್ರವಿತ್ತು.